ಏನಿಲ್ರಿ ಟೀಚರ್

ಬಳ್ಳಾರಿ ಜಿಲ್ಲೆಯ ಯಾವುದಾದರೂ ಒಂದು ಸರ್ಕಾರಿ ಪ್ರೌಢಶಾಲೆ ಎಂದುಕೊಳ್ಳಿ. ಫೆಬ್ರುವರಿ ತಿಂಗಳು. ನೀವು ಹತ್ತನೇ ತರಗತಿಯ ಕೊನೆಯ ಬೆಂಚಿನ ತುದಿಯಲ್ಲಿ ಕೂತಿದ್ದೀರಿ. ನಾಡಗೀತೆ ಮುಗಿಸಿ ಒಳಗೆ ಬಂದ ಮಕ್ಕಳು ಎಬ್ಬಿಸಿದ ಧೂಳು ಇನ್ನೂ ಇಳಿದಿಲ್ಲ. ಗಣಿತದ ಮೇಷ್ಟ್ರ ಕೈಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು. ಒಬ್ಬೊಬ್ಬರ ಹೆಸರು ಕೂಗುತ್ತಾರೆ, ಜೊತೆಗೇ ಅಂಕವನ್ನೂ ಕೂಗುತ್ತಾರೆ. ಎಂಬತ್ತಕ್ಕೆ ಎಪ್ಪತ್ತೊಂದು: ಚಪ್ಪಾಳೆ. ಎಂಬತ್ತಕ್ಕೆ ಹದಿನಾಲ್ಕು: ಹುಡುಗರ ಸಾಲಿನಿಂದ ಕಿಸಕ್ಕನೆ ನಗು.

ಹದಿನಾಲ್ಕರ ಹುಡುಗಿ ನಿಮ್ಮ ಮುಂದಿನ ಬೆಂಚಿನವಳು. ಪತ್ರಿಕೆಯನ್ನು ತೆರೆದೂ ನೋಡದೆ ಚೀಲಕ್ಕೆ ತುರುಕುತ್ತಾಳೆ. ಅವಳ ಹಿಂದೆ ಕೂತ ನಿಮಗೆ ಕಾಣುವುದು ಎರಡು ಜಡೆ ಮಾತ್ರ. ವಿಜ್ಞಾನದ ಟೀಚರಿಗೆ ಅದಕ್ಕಿಂತ ಹೆಚ್ಚು ಕಂಡಿದೆ. ದೀಪಾವಳಿಯಿಂದೀಚೆಗೆ ಇವಳ ನೋಟ್‌ಬುಕ್ಕಿನ ಅಕ್ಷರ ಸಣ್ಣದಾಗುತ್ತಾ ಬಂದಿದೆ, ಥ್ರೋಬಾಲ್ ಬಿಟ್ಟಿದ್ದಾಳೆ, ವಾರಕ್ಕೆರಡು ಸಲ ತಲೆನೋವು. ಮನಸ್ಸಿನ ಸಂಕಟವನ್ನು ಮಕ್ಕಳು ಬಹಳ ಸಲ ತಲೆನೋವು, ಹೊಟ್ಟೆನೋವು ಅಂತಲೇ ಹೇಳುವುದು. ಸುಳ್ಳಲ್ಲ, ನಿಜವಾಗಿಯೂ ನೋಯುತ್ತದೆ.

ಬಿಸಿಯೂಟದ ಹೊತ್ತು. ಹುಡುಗಿ ತನ್ನ ಪಾಲಿನ ಮೊಟ್ಟೆಯನ್ನು ಗೆಳತಿಯ ತಟ್ಟೆಗೆ ಹಾಕಿ ನಲ್ಲಿಯ ಕಡೆ ನಡೆಯುತ್ತಾಳೆ. ಟೀಚರ್ ಅಲ್ಲಿಗೇ ಬರುತ್ತಾರೆ.

“ಯಾಕವ್ವಾ, ಊಟ ಸೇರ್ಲಿಲ್ಲೇನು?”

“ಏನಿಲ್ರಿ ಟೀಚರ್.”

ಸಾಲಿನಲ್ಲಿ ನಿಂತವರೆಲ್ಲ ಇತ್ತಲೇ ನೋಡುತ್ತಿದ್ದಾರೆ. ಇಲ್ಲಿ ಬೇರೆ ಉತ್ತರ ಬರುವುದು ಸಾಧ್ಯವೇ ಇಲ್ಲ.

ಹಾಗಾದರೆ ಎಲ್ಲಿ ಸಾಧ್ಯ? ಟೀಚರ ಜೊತೆ ನೀವೂ ಹುಡುಕಿ. ಸ್ಟಾಫ್ ರೂಮಿನಲ್ಲಿ ನಾಲ್ವರು ಪತ್ರಿಕೆ ತಿದ್ದುತ್ತಿದ್ದಾರೆ. ಹೆಡ್‌ಮಾಸ್ಟರ ಕೋಣೆಗೆ ಹೊಕ್ಕವರು ತಪ್ಪು ಮಾಡಿದವರೇ ಎಂಬುದು ಊರಿನ ತೀರ್ಮಾನ. ಹುಡುಗಿ ಮನೆ ಸೇರುವ ಮುಂಚೆ ಸುದ್ದಿ ಸೇರಿರುತ್ತದೆ. ಗ್ರಂಥಾಲಯವೆಂದರೆ ಒಂಬತ್ತನೇ ತರಗತಿಯ ಮೂಲೆಯಲ್ಲಿರುವ ಎರಡು ಬೀರು. ಬೇವಿನ ಮರದ ಕೆಳಗೆ ಎಂಟನೆಯವರ ಕಬಡ್ಡಿ. ಇನ್ನೂರಕ್ಕೂ ಹೆಚ್ಚು ಮಕ್ಕಳಿರುವ ಈ ಶಾಲೆಯಲ್ಲಿ ಒಂದು ಮಗು ಯಾರ ಕಣ್ಣಿಗೂ ಬೀಳದೆ ಹತ್ತು ನಿಮಿಷ ಮಾತಾಡಲು ಜಾಗವಿಲ್ಲ. ಉಳಿದದ್ದು ಆಟದ ಸಾಮಾನಿನ ಕೋಣೆ. ಟೀಚರ್ ಕದ ಅರ್ಧ ಮುಂದಕ್ಕೆ ಎಳೆಯುತ್ತಾರೆ.

ಶಾಟ್‌ಪುಟ್ ಗುಂಡುಗಳ ಪಕ್ಕದ ಬೆಂಚಿನ ಮೇಲೆ ಅವರು ಹುಡುಗಿಯ ಎದುರಿಗೆ ಕೂರುವುದಿಲ್ಲ, ಪಕ್ಕಕ್ಕೆ ಕೂರುತ್ತಾರೆ. ಕೈಯಲ್ಲಿ ಪೆನ್ನಿಲ್ಲ. ಮೌನ ಉದ್ದವಾಗುತ್ತದೆ. ಏನಾದರೂ ಬುದ್ಧಿಮಾತು ಹೇಳಿ ಅದನ್ನು ತುಂಬಿಬಿಡಬೇಕೆಂದು ನಿಮ್ಮ ನಾಲಿಗೆ ತುರಿಸುತ್ತದೆ. ಟೀಚರ್ ಸುಮ್ಮನಿದ್ದಾರೆ. ಕೊನೆಗೆ ಒಂದೇ ಪ್ರಶ್ನೆ: “ರಾತ್ರಿ ನಿದ್ದಿ ಬರ್ತದೇನು?”

ಬರುವುದಿಲ್ಲ. ಅಲ್ಲಿಂದ ಮಾತು ಬಿಚ್ಚಿಕೊಳ್ಳುತ್ತದೆ. “ಫೇಲಾದ್ರ ಮದುವಿ ಮಾಡಿಬಿಡ್ತೀವಿ ಅಂದಾರ್ರೀ.” ಹದಿನಾಲ್ಕು ಅಂಕದ ಹಿಂದೆ ಇದ್ದದ್ದು ಗಣಿತವಲ್ಲ. “ಯಾರಿಗೂ ಹೇಳಬ್ಯಾಡ್ರಿ ಟೀಚರ್.”

ಆಣೆ ಮಾಡಿ ಹೂಂ ಅನ್ನುವುದು ಸುಲಭ. ಟೀಚರ್ ಅನ್ನುವುದಿಲ್ಲ. “ಊರಿಗೆಲ್ಲ ಹೇಳಾಂಗಿಲ್ಲ. ಆದ್ರ ನಿನ್ನ ಜೀವಕ್ಕ ತ್ರಾಸ ಐತಿ ಅನ್ಸಿದ್ರ, ಕಾಪಾಡೋರಿಗೆ ಹೇಳ್ತೀನಿ. ನಿನ್ನ ಮುಂದನ ಹೇಳ್ತೀನಿ.” ಆಮೇಲೆ, ದನಿ ಬದಲಿಸದೆ: “ಸತ್ತು ಹೋಗ್ಬೇಕು ಅನ್ಸೈತೇನವ್ವಾ?”

ನೀವು ಬೆಚ್ಚುತ್ತೀರಿ. ಇಲ್ಲದ ವಿಚಾರವನ್ನು ತಲೆಗೆ ಹಾಕಿದಂತಾಗಲಿಲ್ಲವೇ? ಆಗುವುದಿಲ್ಲ. ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಮೊದಲೇ ಹುಟ್ಟಿದ್ದರೆ ಒಬ್ಬಳೇ ಹೊತ್ತುಕೊಳ್ಳುವುದು ತಪ್ಪುತ್ತದೆ. ಮನೋವೈದ್ಯರು ಶಿಕ್ಷಕರಿಗೆ ಮತ್ತೆ ಮತ್ತೆ ಹೇಳುವ ಮಾತಿದು.

“ಒಮ್ಮೊಮ್ಮೆ” ಎನ್ನುತ್ತಾಳೆ ಹುಡುಗಿ.

ಹೆತ್ತವರನ್ನು ನೆನೆಸಿಕೋ ಎಂಬ ಉಪದೇಶ ಬರುವುದಿಲ್ಲ. ಹೇಗೆ, ಯಾವಾಗ ಎಂದು ಯೋಚಿಸಿದ್ದಾಳೆಯೇ ಎಂದು ಮೆಲ್ಲಗೆ ವಿಚಾರಿಸಿ, ಹುಡುಗಿಯನ್ನು ಕೇಳಿಯೇ ಟೀಚರ್ 14416ಕ್ಕೆ ಕರೆ ಮಾಡುತ್ತಾರೆ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶದ ಈ ಜಾಲಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಅತ್ತಲಿನ ಆಪ್ತಸಮಾಲೋಚಕಿ ಹುಡುಗಿಯ ಜೊತೆಗೇ ಮಾತಾಡುತ್ತಾರೆ. ಇವತ್ತು ರಾತ್ರಿ ಅವಳೊಬ್ಬಳನ್ನೇ ಬಿಡಬಾರದು, ತಾಯಿಯನ್ನು ಈಗಲೇ ಕರೆಸಬೇಕು, ತಡಮಾಡದೆ ಮನೋವೈದ್ಯರಿಗೆ ತೋರಿಸಬೇಕು ಎಂದು ಟೀಚರಿಗೆ ಹೇಳುತ್ತಾರೆ. ನಾಳೆಯೇ ಮಂಗಳವಾರ. ‘ಮನೋಚೈತನ್ಯ’ದ ಹೆಸರಿನಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ. ನಿಮ್ಹಾನ್ಸ್ ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಯ ಹಳ್ಳಿಗಳಿಗೆ ಒಯ್ಯುವ ಪ್ರಯೋಗವನ್ನು 1985ರಲ್ಲಿ ಮಾಡಿದ್ದು ಇದೇ ಬಳ್ಳಾರಿಯಲ್ಲಿ. 1996ರಲ್ಲಿ ಕೇಂದ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮದುವೆಯ ಬೆದರಿಕೆಗೆ ಬೇರೆ ಸಂಖ್ಯೆಯಿದೆ, ಮಕ್ಕಳ ಸಹಾಯವಾಣಿ 1098. ಪರೀಕ್ಷೆಯ ಭಯಕ್ಕೆ ಟೀಚರ ಬಳಿಯೇ ಉತ್ತರವಿದೆ: ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ.

ತಾಯಿ ಹೊಲದಿಂದ ಬಂದು, ಟೀಚರ ಮಾತು ಕೇಳಿ, ಮಗಳನ್ನು ಕರೆದುಕೊಂಡು ಹೋದ ಮೇಲೆ ಸ್ಟಾಫ್ ರೂಮಿನಲ್ಲಿ ಸಭೆ. ಹೆಸರು ಹೇಳದೆ ಟೀಚರ್ ವಿಷಯ ಮುಂದಿಡುತ್ತಾರೆ.

“ನಮ್ಮ ಕಾಲಕ್ಕ ಇದೆಲ್ಲ ಎಲ್ಲಿತ್ತ್ರೀ?” ಎನ್ನುತ್ತಾರೆ ಪಿ.ಟಿ. ಸರ್.

“ಇತ್ತು ಸರ್. ಯಾರೂ ಕೇಳ್ತಿರ್ಲಿಲ್ಲ.” 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044 ಎಂಬ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯನ್ನು ಟೀಚರ್ ನೆನಪಿಸುತ್ತಾರೆ. ನೂರು ಮತ್ತು ಅದಕ್ಕೂ ಹೆಚ್ಚು ಮಕ್ಕಳಿರುವ ಸಂಸ್ಥೆಗಳಲ್ಲಿ ತರಬೇತಾದ ಆಪ್ತಸಮಾಲೋಚಕರು ಒಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದ್ದನ್ನೂ.

“ಅವರು ಬರೋತನಕ?” ಹೆಡ್‌ಮಾಸ್ಟರ ಪ್ರಶ್ನೆ.

“ಅಂಕ ಕೂಗೋದು ನಿಲ್ಲಿಸೋಣ. 14416 ಎಲ್ಲಾ ಕ್ಲಾಸಿನ ಗೋಡಿಗೆ ಬರಸೋಣ. ಮಕ್ಕಳ ಜೊತಿ ಕೂತು ಮಾತಾಡಾಕ ಒಂದು ಕೋಣಿ ಕೊಡ್ರಿ.”

ಗಣಿತದ ಮೇಷ್ಟ್ರು ಸ್ವಲ್ಪ ಹೊತ್ತು ಕೆಂಪು ಪೆನ್ನಿನ ಕ್ಯಾಪು ತಿರುಗಿಸಿ, ಆಗಲಿ ಎನ್ನುತ್ತಾರೆ. ಹೆಡ್‌ಮಾಸ್ಟರು ನಡಾವಳಿ ಪುಸ್ತಕ ತೆಗೆಯುತ್ತಾರೆ. ಆಟದ ಸಾಮಾನಿನ ಕೋಣೆ ಎಂದು ಬರೆಯುತ್ತಿದ್ದಂತೆ ಪಿ.ಟಿ. ಸರ್ ಗಡಬಡಿಸಿ ಏಳುತ್ತಾರೆ.

“ಮತ್ತ ನನ್ನ ಗುಂಡು, ನೆಟ್ಟು ಎಲ್ಲಿ ಇಡ್ಲಿ ಸರ್?”

“ನನ್ನ ಕೋಣ್ಯಾಗ ಇಡ್ರಿ” ಎಂದು ಹೆಡ್‌ಮಾಸ್ಟರು ಬರೆಯುವುದನ್ನು ಮುಂದುವರಿಸುತ್ತಾರೆ. “ಹಂಗಾದ್ರೂ ಹುಡುಗ್ರು ಹೆದರದ ಒಳಗ ಬರ್ತಾರ.”