ಕೋಟು ತೊಟ್ಟವರ ಸಾಲು

ಬ್ಯಾಸ್ಕೆಟ್‌ಬಾಲ್ ತಂಡವೊಂದರ ಯೋಗಕ್ಷೇಮ ತಿಳಿಯಲು ಆಗೆಲ್ಲ ಸ್ಕೋರ್‌ಬೋರ್ಡ್ ನೋಡಬೇಕಾಗಿರಲಿಲ್ಲ. ಬೆಂಚಿನ ಮೇಲೆ ಎಷ್ಟು ಮಂದಿ ಕೋಟು ತೊಟ್ಟು ಕೂತಿದ್ದಾರೆಂದು ಎಣಿಸಿದರೆ ಸಾಕಿತ್ತು. ಅಮೆರಿಕದ ಎನ್‌ಬಿಎ 2005ರಲ್ಲಿ ಒಂದು ಕಟ್ಟಳೆ ಮಾಡಿತ್ತು: ಗಾಯಗೊಂಡು ಆಡಲಾಗದವನು ತಂಡದ ಜೊತೆ ಬಂದು ಕೂರುವುದಾದರೆ ಮೈಮೇಲೆ ಕೋಟಿರಬೇಕು, ಕಾಲಿಗೆ ಒಳ್ಳೆಯ ಬೂಟಿರಬೇಕು. ಹೀಗಾಗಿ ತಂಡಕ್ಕೆ ಪೆಟ್ಟು ಬಿದ್ದಷ್ಟೂ ಅದರ ಬೆಂಚು ಮದುವೆಮನೆಯಲ್ಲಿ ಬೀಗರು ಕೂರುವ ಸಾಲಿನ ಹಾಗೆ ಕಳೆಗಟ್ಟುತ್ತ ಹೋಗುತ್ತಿತ್ತು. 2019-20ರ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ್ದರಷ್ಟು ಅಂದವಾದ ಬೆಂಚನ್ನು ನಾನಂತೂ ಕಂಡಿಲ್ಲ. ಆ ವರ್ಷ ಇಡೀ ಲೀಗಿನಲ್ಲಿ ಅವರಷ್ಟು ಸೋತವರೂ ಇರಲಿಲ್ಲ.

ಹಾಸನದ ಕಡೆಯ ನಿವೃತ್ತ ಮೇಷ್ಟ್ರಿಗೆ ಈ ಲೆಕ್ಕವೆಲ್ಲ ಏಕೆ ಬೇಕಿತ್ತೆಂದರೆ, ಆ ಚಳಿಗಾಲ ನಾನೂ ನನ್ನವಳೂ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ಮಗನ ಮನೆಯಲ್ಲಿದ್ದೆವು. ಬೆಳಿಗ್ಗೆ ಕೆರೆಯ ಸುತ್ತ ವಾಕಿಂಗು. ಅಲ್ಲಿ ನಮ್ಮಂತೆಯೇ ಮಕ್ಕಳನ್ನು ನೋಡಲು ಬಂದ ಆಂಧ್ರದ, ಗುಜರಾತಿನ ದಂಪತಿಗಳೊಡನೆ ಮಂಡಿನೋವಿನ ವಿಚಾರ ವಿನಿಮಯ. ಮಧ್ಯಾಹ್ನ ಮಗ ಸೊಸೆ ಇಬ್ಬರೂ ಆಫೀಸಿನಲ್ಲಿ, ಮೊಮ್ಮಗ ಸ್ಕೂಲಿನಲ್ಲಿ, ನಾವಿಬ್ಬರೂ ಸೋಫಾದಲ್ಲಿ. ಸಂಜೆ ಏಳೂವರೆಗೆ ಟೀವಿಯಲ್ಲಿ ಆ ಸೀಮೆಯ ತಂಡ ವಾರಿಯರ್ಸ್. ನನಗೆ ಆಟ ತೀರಾ ಹೊಸದಲ್ಲ. ನಾವು ಓದಿದ ಕಾಲೇಜಿನಲ್ಲಿ ಬಲೆಯಿಲ್ಲದ ಒಂದು ರಿಂಗು, ಮಳೆ ಬಂದರೆ ಗದ್ದೆಯಾಗುವ ಮಣ್ಣಿನ ಅಂಕಣ ಇದ್ದವು. ಚೆಂಡು ರಿಂಗಿನೊಳಗಿಂದ ಬಂತೋ ಪಕ್ಕದಿಂದ ಬಂತೋ ಎಂಬ ವಾಗ್ವಾದದಲ್ಲಿಯೇ ಅರ್ಧ ಆಟ ಮುಗಿಯುತ್ತಿತ್ತು. ಆ ಅಕ್ಟೋಬರಿನಲ್ಲಿ ಊರಿನಿಂದ ನೆರೆಮನೆಯವರು ಫೋನು ಮಾಡಿ, "ಏನ್ ಮೇಷ್ಟ್ರೇ, ನೀವು ಅವರ ಆಟ ನೋಡೋಕೆ ಅಲ್ಲಿಗೆ ಹೋದ್ರಿ, ಅವರೇ ಮುಂಬೈಗೆ ಬಂದವ್ರಂತಲ್ಲ" ಎಂದು ನಕ್ಕರು. ನಿಜವೇ. ಎನ್‌ಬಿಎ ತಂಡಗಳು ಭಾರತದ ನೆಲದಲ್ಲಿ ಮೊದಲ ಬಾರಿಗೆ ಆಡಿದ್ದು ಆಗಲೇ, ಸ್ಯಾಕ್ರಮೆಂಟೊದವರೂ ಇಂಡಿಯಾನಾದವರೂ.

ನಮ್ಮ ಮೊಮ್ಮಗನಿಗೆ ಎಂಟು ವರ್ಷ. ಮೊಣಕಾಲು ಮುಟ್ಟುವ 30ನೇ ನಂಬರಿನ ಜೆರ್ಸಿ ಅವನ ಸಂಜೆಯ ಮಡಿ. ಅದು ವಾರಿಯರ್ಸ್ ತಾರೆ ಸ್ಟೆಫ್ ಕರ್ರಿಯ ನಂಬರು. ಹುಡುಗನಿಗೆ ಬುದ್ಧಿ ಬಂದಾಗಿನಿಂದ ಪ್ರತಿ ಜೂನಿನಲ್ಲೂ ವಾರಿಯರ್ಸ್ ಫೈನಲ್ ಆಡುತ್ತಿದ್ದರು. 2015ರಿಂದ 2019ರವರೆಗೆ ಐದು ವರ್ಷ ಒಂದೂ ತಪ್ಪಿಲ್ಲ, ಅದರಲ್ಲಿ ಮೂರು ಸಲ ಕಪ್ಪು ಮನೆಗೆ ಬಂದಿತ್ತು. ನಡುವೆ 82 ಪಂದ್ಯಗಳ ಒಂದು ಸೀಸನ್ನಿನಲ್ಲಿ 73 ಗೆದ್ದು ದಾಖಲೆ ಮಾಡಿದ್ದರು. ಸೋಲು ಎನ್ನುವುದು ಬೇರೆ ಊರಿನವರಿಗೆ ಆಗುವ ಕಾಯಿಲೆ ಎಂದೇ ಆ ಮಗು ತಿಳಿದಿತ್ತು.

ಕಾಯಿಲೆ ಹತ್ತಿದ್ದು ಟೊರಾಂಟೊ ವಿರುದ್ಧದ 2019ರ ಫೈನಲ್ಲಿನಲ್ಲಿ. ಐದನೇ ಪಂದ್ಯದಲ್ಲಿ ವಾರಿಯರ್ಸ್‌ನ ಕೆವಿನ್ ಡುರಾಂಟನ ಹಿಮ್ಮಡಿಯ ಮೇಲಿನ ನರ ಹರಿಯಿತು. ಆರನೆಯದರಲ್ಲಿ ಕ್ಲೇ ಥಾಂಪ್ಸನ್ ಮೇಲೆ ಹಾರಿದವನು ಕೆಳಗೆ ಬರುವಾಗ ಎಡ ಮಂಡಿ ತಿರುಚಿಕೊಂಡ. ಮಗ ಅದನ್ನು ನನಗೆ ಹೇಳುವಾಗ ತಟ್ಟೆಯ ಮುಂದೆ ಕೂತವನು ಕೈ ತೊಳೆಯುವುದನ್ನೂ ಮರೆತಿದ್ದ. ಕ್ಲೇಯನ್ನು ಹಿಡಿದುಕೊಂಡು ಒಳಗೆ ಕರೆದೊಯ್ಯುತ್ತಿದ್ದರಂತೆ. ಅವನಿಗೆ ಎರಡು ಫ್ರೀ ಥ್ರೋ ಬಾಕಿ ಇದ್ದವು. ಅವನೇ ಹಾಕದಿದ್ದರೆ ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ ಎಂಬ ನಿಯಮ. ದಾರಿಯಲ್ಲೇ ತಿರುಗಿ, ಹರಿದ ಮಂಡಿಯಲ್ಲಿ ನಡೆದು ಬಂದು, ಎರಡನ್ನೂ ಹಾಕಿ ಹೋದ. ಮರಳಿ ಬರಬೇಕೆಂದೇ ಹಾಕಿದ್ದು. ಎನ್‌ಬಿಎ ಪಂದ್ಯಕ್ಕೆ ಅವನು ಮರಳಿದ್ದು 941 ದಿನಗಳ ನಂತರ. ಅದು ಆಗ ಯಾರಿಗೂ ಗೊತ್ತಿರಲಿಲ್ಲ.

ಡುರಾಂಟ್ ಬ್ರೂಕ್ಲಿನ್ ಸೇರಿದ. ತಂಡವೂ 1971ರಿಂದ ಇದ್ದ ಓಕ್‌ಲ್ಯಾಂಡನ್ನು ಬಿಟ್ಟು, ಕೊಲ್ಲಿಯಾಚೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೀರಿನ ಪಕ್ಕ ಕಟ್ಟಿದ ಹೊಚ್ಚ ಹೊಸ ಚೇಸ್ ಸೆಂಟರಿಗೆ ಹೋಯಿತು. ಮೊದಲಾದರೆ ಫ್ರೀಮಾಂಟಿನಲ್ಲಿ ಬಾರ್ಟ್ ರೈಲು ಹತ್ತಿ ಕೊಲಿಸಿಯಂ ಸ್ಟೇಷನ್ನಿನಲ್ಲಿ ಇಳಿದರೆ ಆಟದ ಬಾಗಿಲು ಎದುರಿಗೇ ಇತ್ತು ಎಂದು ಮಗ ಈಗಲೂ ಕೊರಗುತ್ತಾನೆ. ಹೊಸ ಮನೆಯ ಗೃಹಪ್ರವೇಶದ ದಿನ, ಅಕ್ಟೋಬರ್ 24ರಂದು, ಕ್ಲಿಪ್ಪರ್ಸ್ ಬಂದು 141-122ರಲ್ಲಿ ಬಡಿದು ಹೋದರು. ನನ್ನವಳು ಕೇಳಿದ್ದು ಒಂದೇ ಪ್ರಶ್ನೆ: "ಹಾಲು ಉಕ್ಕಿಸಿದ್ರಾ?"

ಅದೇ 30ನೇ ತಾರೀಕು ಫೀನಿಕ್ಸ್ ಸನ್ಸ್ ಜೊತೆ ಪಂದ್ಯ. ಕರ್ರಿ ಬುಟ್ಟಿಯ ಕಡೆ ನುಗ್ಗಿದವನು ಬಿದ್ದ. ಅವನ ಮೇಲೆ ಏರನ್ ಬೇನ್ಸ್ ಎಂಬ ದೊಡ್ಡಾಳು ಬಿದ್ದ. ಎಡಗೈಯ ಮೂಳೆ ಮುರಿಯಿತು. ಮೊಮ್ಮಗ ಸೋಫಾದ ದಿಂಬಿನಲ್ಲಿ ಮುಖ ಹುದುಗಿಸಿದ, ಮಗ ಎದ್ದು ನಿಂತ. ಅಡುಗೆಮನೆಯಿಂದ ಸೌಟು ಹಿಡಿದೇ ಬಂದ ನನ್ನವಳು ಸ್ವಲ್ಪ ಹೊತ್ತು ನೋಡಿ, "ಸದ್ಯ, ಎಡಗೈ ಕಣ್ರೀ. ಊಟಕ್ಕೆ ತೊಂದರೆಯಿಲ್ಲ" ಎಂದಳು. ಆ ರಾತ್ರಿ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದರೆ ಅದೊಂದೇ ಸಲ. ಆದರೆ ಅವಳು ತಮಾಷೆಗೆ ಹೇಳಿರಲಿಲ್ಲ. ಮಲಗುವ ಮುಂಚೆ, "ಪಾಪ, ಅವರಮ್ಮ ಅಲ್ಲೇ ಕೂತು ಆಟ ನೋಡ್ತಾರಂತೆ, ಇವತ್ತೂ ಬಂದಿದ್ರೋ ಏನೋ" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು.

ಮರುವಾರ ಅಲ್ಲಿನ ಕನ್ನಡಿಗರ ರಾಜ್ಯೋತ್ಸವ. ರೇಷ್ಮೆ ಪಂಚೆ ಉಟ್ಟು ಶಲ್ಯ ಹೊದ್ದ ಸಾಫ್ಟ್‌ವೇರ್ ಮಹನೀಯರು ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತು ಅಂಗೈಯ ಎರಡನೇ ಮೂಳೆಯ ಬಗ್ಗೆ ಎಲುಬಿನ ಡಾಕ್ಟರರಂತೆ ಮಾತಾಡುತ್ತಿದ್ದರು. ವೇದಿಕೆಯ ಮೇಲೆ ನಾಡಗೀತೆ ಮುಗಿದು ಅರ್ಧ ನಿಮಿಷವಾಗಿತ್ತಷ್ಟೆ.

ಆಮೇಲೆ ಶುರುವಾಯಿತು, ಹುಡುಗರ ಕಾಲ. ದೊಡ್ಡವರೆಲ್ಲ ಕೋಟು ತೊಟ್ಟು ಕೂತ ಮೇಲೆ ಆಡಲು ಯಾರಾದರೂ ಬೇಕಲ್ಲ. ಕೆಲವು ರಾತ್ರಿ ಜೆರ್ಸಿ ತೊಟ್ಟವರು ಎಂಟೊಂಬತ್ತು ಜನ ಸಿಕ್ಕಿದರೆ ಹೆಚ್ಚು. ಎರಿಕ್ ಪಾಸ್ಕಲ್ ಎಂಬ ಗುಂಡುಗುಂಡಾದ ಹುಡುಗ, ಹೊಸಬರ ಆಯ್ಕೆಯ ಅಂದರೆ ಡ್ರಾಫ್ಟ್‌ನ ಪಟ್ಟಿಯಲ್ಲಿ 41ನೆಯವನಾಗಿ ಬಂದವನು, ನವೆಂಬರ್ 4ರಂದು ಪೋರ್ಟ್‌ಲ್ಯಾಂಡ್ ವಿರುದ್ಧ 34 ಅಂಕ ಹೊಡೆದ. ಹೊಸ ಮನೆಯಲ್ಲಿ ತಂಡ ಕಂಡ ಮೊದಲ ಗೆಲುವು ಅದು. ಅಂದು ಅವನ ಹುಟ್ಟುಹಬ್ಬ, 23 ತುಂಬಿದ್ದು. ಈ ವಿಷಯ ಟೀವಿಯವರು ಹೇಳಿದ್ದೇ ತಡ, ನನ್ನವಳು ಅವನನ್ನು ದತ್ತು ತೆಗೆದುಕೊಂಡಳು. ಅಂದಿನಿಂದ ಅವಳ ಬಾಯಲ್ಲಿ ಅವನು "ಬರ್ತ್‌ಡೇ ಹುಡುಗ". ಅವನು ಚೆಂಡು ಕಳೆದುಕೊಂಡರೆ, "ಇರ್ಲಿ ಬಿಡಿ, ಚಿಕ್ಕವನು" ಎನ್ನುತ್ತಿದ್ದಳು. ಬೇರೆ ತಂಡದ ಚಿಕ್ಕವರಿಗೆ ಈ ಸವಲತ್ತು ಇರಲಿಲ್ಲ.

ಡಾಮಿಯನ್ ಲೀ ಎಂಬ ಇನ್ನೊಬ್ಬನಿದ್ದ. ಅವನು ಕರ್ರಿಯ ತಂಗಿಯ ಗಂಡ. ಅಲ್ಲಿಯವರಿಗೆ ಅದೊಂದು ಸ್ವಾರಸ್ಯದ ಸಂಗತಿ ಅಷ್ಟೆ. ನಮ್ಮವಳಿಗೆ ಇಡೀ ಸೀಸನ್ನಿನ ಅರ್ಥವೇ ಅದು. ಮನೆಯ ಯಜಮಾನ ಕೈ ಮುರಿದುಕೊಂಡಾಗ ಅಳಿಯಂದಿರು ಮುಂದೆ ಬಂದು ನಿಲ್ಲದೆ ಇನ್ನೇನು? ಆದರೆ ಲೀಯದೂ, ಕೈ ಬೋಮನ್ ಎಂಬ ಇನ್ನೊಬ್ಬ ಹುಡುಗನದೂ ಅರ್ಧ ನೌಕರಿ. ಗುಡ್ಡದಾಚೆಯ ಸ್ಯಾಂಟಾ ಕ್ರೂಜ್‌ನಲ್ಲಿರುವ ಕಿರಿಯರ ತಂಡಕ್ಕೂ ಇವರೇ ಸಲ್ಲಬೇಕು. ದೊಡ್ಡ ತಂಡದ ಜೊತೆ ಇರಲು ಆಗ ವರ್ಷಕ್ಕೆ 45 ದಿನ ಮಾತ್ರ ಅಪ್ಪಣೆ ಇತ್ತು. ತಂಡದವರು ಆ ದಿನಗಳನ್ನು ಒಂದೊಂದಾಗಿ ಖರ್ಚು ಮಾಡುತ್ತಿದ್ದರು. ಚೆನ್ನಾಗಿ ಆಡಿದಷ್ಟೂ ಬೇಗ ದಿನ ಮುಗಿಯುವ ಈ ಏರ್ಪಾಡನ್ನು ಮಗ ವಿವರಿಸಿದಾಗ ನಾನೂ ನನ್ನವಳೂ ಮುಖ ಮುಖ ನೋಡಿಕೊಂಡೆವು. ಪಾಸ್‌ಪೋರ್ಟಿನ ಮೇಲೆ ವಿಸಿಟರ್ ಮುದ್ರೆ ಒತ್ತಿಸಿಕೊಂಡು ಬಂದವರಿಗೆ ಅದನ್ನು ಅಷ್ಟು ಬಿಡಿಸಿ ಹೇಳಬೇಕಾಗಿರಲಿಲ್ಲ. ಜನವರಿಯಲ್ಲಿ ಲೀಗೆ, ಫೆಬ್ರವರಿಯಲ್ಲಿ ಬೋಮನ್‌ಗೆ ಪೂರ್ತಿ ನೌಕರಿ ಸಿಕ್ಕಿತು. ಎರಡು ಸಲವೂ ನಮ್ಮ ಮನೆಯಲ್ಲಿ ಕೇಸರಿಬಾತ್.

ಸೋಲುಗಳ ಪಟ್ಟಿ ಓದಿ ನಿಮಗೆ ಬೇಸರ ತರಿಸುವುದಿಲ್ಲ. ಡಲ್ಲಾಸಿನಲ್ಲಿ 142-94ರಲ್ಲಿ ಸೋತರು ಎಂಬುದೊಂದು ಸಾಕು. 48 ಅಂಕಗಳ ಅಂತರ. ಕ್ರಿಸ್ಮಸ್ ದಿನ ಮಾತ್ರ ಹ್ಯೂಸ್ಟನ್ ತಂಡವನ್ನು ಅದು ಹೇಗೋ ಸೋಲಿಸಿಬಿಟ್ಟರು. ಆವತ್ತು ಮನೆಗೆ ಬಂದಿದ್ದ ನೆಂಟರು ಈ ತಂಡ ಯಾವಾಗಲೂ ಹೀಗೇ ಆಡುತ್ತದೆಂದು ತಿಳಿದು ಹೋದರು. ನಾವೂ ತಿದ್ದಲಿಲ್ಲ. ಮೊಮ್ಮಗ ಮೊದಮೊದಲು ಅಳುತ್ತಿದ್ದವನು, ಆಮೇಲೆ ಸಿಟ್ಟಾಗುತ್ತಿದ್ದವನು, ಸಂಕ್ರಾಂತಿಯ ಹೊತ್ತಿಗೆ ಮೂರನೇ ಕ್ವಾರ್ಟರಿಗೇ ಎದ್ದು ಹೋಮ್‌ವರ್ಕಿಗೆ ಕೂರತೊಡಗಿದ. ಅವನ ಗಣಿತದ ಅಂಕ ಹೆಚ್ಚಾಯಿತೆಂದು ಸೊಸೆ ಒಳಗೊಳಗೇ ಸಂತೋಷಪಟ್ಟಳು. ಒಂದು ದಿನ ಅವನೇ ನನಗೆ ಸಮಾಧಾನ ಹೇಳಿದ: "ತಾತ, ಸೋತ್ರೆ ಒಳ್ಳೇದು. ಲಾಸ್ಟ್ ಬಂದವರಿಗೆ ಡ್ರಾಫ್ಟ್‌ನಲ್ಲಿ ಮೊದಲು ಒಳ್ಳೆ ಪ್ಲೇಯರ್ ಸಿಗ್ತಾನೆ." ತೀರಾ ಕೆಳಗಿನ ಮೂರು ತಂಡಗಳಿಗೆ ಮೊದಲ ಆಯ್ಕೆ ಸಿಗುವ ಸಂಭವ ತಲಾ ಶೇ 14 ಎಂದೂ ಲೆಕ್ಕ ಒಪ್ಪಿಸಿದ. ಜೀವಮಾನವಿಡೀ ರ‍್ಯಾಂಕು ಬಂದವರಿಗೆ ಪುಸ್ತಕ ಬಹುಮಾನ ಕೊಡಿಸಿದ ಮೇಷ್ಟ್ರಿಗೆ ಇದು ಜೀರ್ಣವಾಗಲಿಲ್ಲ. ಅಂಗಳದಲ್ಲಿ ಆ ಹುಡುಗರು ಬೆವರು ಸುರಿಸಿ ಗೆಲ್ಲಲು ಹೆಣಗುತ್ತಿದ್ದರೆ, ಅವರ ಮೇಲೆ ಪ್ರೀತಿಯಿರುವವರೆಲ್ಲ ಮನಸ್ಸಿನ ಮೂಲೆಯಲ್ಲಿ ಸೋಲಲಿ ಎಂದುಕೊಳ್ಳುತ್ತಿದ್ದರು. ನನ್ನವಳಿಗೆ ಇದನ್ನು ಹೇಳುವ ಧೈರ್ಯ ಮಾತ್ರ ನಮಗ್ಯಾರಿಗೂ ಆಗಲಿಲ್ಲ.

ಒಂದು ರಾತ್ರಿ ಮಗ ನಮ್ಮನ್ನು ಚೇಸ್ ಸೆಂಟರಿಗೇ ಕರೆದೊಯ್ದ. ಎಷ್ಟೋ ಮೇಲೆ, ದೇವರಿಗೆ ಹತ್ತಿರವಾಗಿ ನಮ್ಮ ಸೀಟು. ಅಲ್ಲಿಂದ ಆಟಗಾರರು ಕೇರಂ ಕಾಯಿಗಳಷ್ಟೇ ಕಾಣುತ್ತಾರೆ. ನಾನು ಆಟ ಬಿಟ್ಟು ಬೆಂಚನ್ನೇ ನೋಡುತ್ತ ಕೂತೆ. ಕೋಟಿನವರ ಸಾಲು. ಕ್ರೀಸು ಕೆಡದ ಪ್ಯಾಂಟು, ಮಿನುಗುವ ಬೂಟು. ಟೈಂಔಟ್ ಆದಾಗ ಬೆವರಿದ ಹುಡುಗರು ಬಂದರೆ ಎಲ್ಲರಿಗಿಂತ ಮೊದಲು ಎದ್ದು ಜಾಗ ಬಿಟ್ಟುಕೊಡುವವರು ಅವರೇ. ಟವೆಲ್ಲು ಕೊಡುತ್ತಾರೆ, ಬೆನ್ನು ತಟ್ಟುತ್ತಾರೆ. ಕೋಚ್ ಸ್ಟೀವ್ ಕೆರ್ ಮಂಡಿಯೂರಿ ಹಲಗೆಯ ಮೇಲೆ ಏನನ್ನೋ ಗೀಚುವಾಗ ಗುಂಪಿನ ಹಿಂದೆ ನಿಂತು ಅಷ್ಟೇ ಶ್ರದ್ಧೆಯಿಂದ ಕೇಳುತ್ತಾರೆ, ತಾವೇ ಹೋಗಿ ಆಡುವವರಂತೆ. ಆಮೇಲೆ ಮತ್ತೆ ಕೂತು, ಕೋಟಿನ ಗುಂಡಿ ಬಿಚ್ಚಿ, ಕಾಲ ಮೇಲೆ ಕಾಲು ಹಾಕುತ್ತಾರೆ. ಮಗನ ಮನೆಯಲ್ಲಿ ಬೆಳಗಿನ ಗಡಿಬಿಡಿಯ ಹೊತ್ತು, ಮೊಮ್ಮಗನ ಡಬ್ಬಿ, ಸೊಸೆಯ ಲ್ಯಾಪ್‌ಟಾಪು, ಮಗನ ಕಾರಿನ ಕೀಲಿಗಳ ಓಡಾಟದ ನಡುವೆ, ಇಸ್ತ್ರಿ ಮಾಡಿದ ಶರಟು ತೊಟ್ಟು ಯಾರ ಕಾಲಿಗೂ ಸಿಕ್ಕದಂತೆ ಎಲ್ಲಿ ನಿಲ್ಲಬೇಕೆಂದು ನಾನು ಕಲಿತಿದ್ದೆ. ಇವರೂ ಕಲಿತಿದ್ದರು. ಒಮ್ಮೆ ಚೆಂಡು ಇವರ ಎದುರಿನ ಮೂಲೆಗೇ ಬಂತು. ಅಲ್ಲಿದ್ದ ಹುಡುಗ ಎಸೆದ. ಕೂತಿದ್ದ ಕೋಟಿನವನೊಬ್ಬನ ಬಲ ಮಣಿಕಟ್ಟು ತಾನಾಗಿ ಮೇಲೆದ್ದು ಬಾಗಿತು. ಚೆಂಡು ರಿಂಗಿಗೆ ಬಡಿದು ಹೊರಬಿತ್ತು. ಅವನು ಕೈಯನ್ನು ಮೆಲ್ಲಗೆ ಇಳಿಸಿ ಜೇಬಿಗೆ ಹಾಕಿಕೊಂಡ.

ಮಾರ್ಚ್ 5ರಂದು ಕರ್ರಿ ಕೋಟು ಕಳಚಿ ಮರಳಿ ಬಂದ. ಎದುರಾಳಿ ಮತ್ತದೇ ಟೊರಾಂಟೊ. 23 ಅಂಕ ಹೊಡೆದ. ತಂಡ ಎಂದಿನಂತೆ ಸೋತಿತು. ಅದು ನಾವು ಹೊರಡುವ ವಾರ. ಸೂಟ್‌ಕೇಸುಗಳನ್ನು ಬಚ್ಚಲಿನ ತಕ್ಕಡಿಯ ಮೇಲಿಟ್ಟು ತೂಗುತ್ತ, ಬಾದಾಮಿ ತೆಗೆಯುವುದೋ ವಿಟಮಿನ್ ಮಾತ್ರೆ ತೆಗೆಯುವುದೋ ಎಂಬ ಜಗಳದ ನಡುವೆಯೇ ಆಟ ನೋಡಿದೆವು. ಮುಂದಿನ ಪಂದ್ಯಕ್ಕೆ ಕರ್ರಿಗೆ ಜ್ವರ. ಮಾಮೂಲಿ ಫ್ಲೂ ಎಂದು ತಂಡದವರು ಹೇಳಬೇಕಾಗಿ ಬಂತು, ಏಕೆಂದರೆ ಅಷ್ಟರಲ್ಲಿ ಜ್ವರ ಎಂಬ ಮಾತೇ ಜನರನ್ನು ಬೆಚ್ಚಿಸತೊಡಗಿತ್ತು. ನಾವು ಊರು ಸೇರುವ ಹೊತ್ತಿಗೆ, 11ರಂದು, ಲೀಗೇ ನಿಂತಿತು. 65 ಪಂದ್ಯ, 15 ಗೆಲುವು, 50 ಸೋಲು. ಉಳಿದ 17 ಆಡಲೇ ಇಲ್ಲ. ಬೇಸಿಗೆಯಲ್ಲಿ ಆರ್ಲ್ಯಾಂಡೊದಲ್ಲಿ ಆಟ ಮುಂದುವರಿಸಿದಾಗ 22 ತಂಡಗಳನ್ನು ಕರೆದರು. ವಾರಿಯರ್ಸ್‌ಗೆ ಕರೆಯೋಲೆ ಬರಲಿಲ್ಲ. ನೆಟ್ಟಗೆ ಸೋತು ಮುಗಿಸುವ ಭಾಗ್ಯವೂ ಆ ಹುಡುಗರಿಗಿರಲಿಲ್ಲ.

2022ರ ಜೂನಿನಲ್ಲಿ ಅವರು ಮತ್ತೆ ಕಪ್ಪು ಗೆದ್ದರು, ಬಾಸ್ಟನ್ ವಿರುದ್ಧ. ನಡುವೆ ಹಿಮ್ಮಡಿಯ ನರವನ್ನೂ ಹರಿದುಕೊಂಡಿದ್ದ ಕ್ಲೇ ಕೂಡ ಇದ್ದ. ಮಾರ್ಕೆಟ್ ಸ್ಟ್ರೀಟಿನ ಮೆರವಣಿಗೆಗೆ ಮಗ ಮೊಮ್ಮಗ ಇಬ್ಬರೂ ಹೋಗಿ ಫೋಟೊಗಳನ್ನು ಕಳಿಸಿದರು. ನನ್ನವಳು ಕನ್ನಡಕ ಹಾಕಿಕೊಂಡು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಕರ್ರಿಯ ತಂಗಿಯ ಗಂಡ ಇದ್ದಾನೆಂದು ಮಗ ಹೇಳಿದ ಮೇಲೆ ಒಂದಿಷ್ಟು ಸಮಾಧಾನ. ಬೋಮನ್ ತಂಡದಲ್ಲಿ ಇರಲಿಲ್ಲ. ಆಮೇಲೆ ವಿಡಿಯೊ ಕಾಲಿನಲ್ಲಿ ಮೊಮ್ಮಗ ಸಿಕ್ಕಿದ. ಹನ್ನೊಂದು ವರ್ಷದವನು, ದನಿ ಒಡೆಯುವ ಸೂಚನೆ, ಮೈಗೆ ಸರಿಹೊಂದುವ ಹೊಸ ಜೆರ್ಸಿ.

"ಪುಟ್ಟಾ, ನಮ್ಮ ಬರ್ತ್‌ಡೇ ಹುಡುಗ ಎಲ್ಲೋ? ಯಾವ ಬಸ್ಸಿನಲ್ಲೂ ಕಾಣಲಿಲ್ಲ."

"ಯಾರು ಅಜ್ಜಿ?"

"ಅದೇ ಕಣೋ, ಪಾಸ್ಕಲ್ಲು. ಗುಂಡುಗುಂಡಾಗಿ ಇದ್ದನಲ್ಲ."

"ಓ, ಅವನಾ? ಅವನನ್ನ ಹೋದ ವರ್ಷವೇ ಯೂಟಾಗೆ ಕಳಿಸಿದ್ರಲ್ಲ ಅಜ್ಜಿ." ಅವನ ಕಣ್ಣು ಆಗಲೇ ಬೇರೆ ಯಾವುದೋ ಪರದೆಯ ಮೇಲಿತ್ತು.

"ಯೂಟಾದಲ್ಲಿ ಚಳಿ ಜಾಸ್ತಿ ಅಲ್ವೇನ್ರೀ?" ಎಂದು ನನ್ನವಳು ನನ್ನನ್ನು ಕೇಳಿದಳು.