ಬಾಸೆಲ್‌ಗೆ ಹೋದ ಆನಂದರಾವ್

ವೇಣೂರಿನ ನಮಗೆ ಬಾಸೆಲ್ ಎಂಬ ಹೆಸರು ಚಿಕ್ಕಂದಿನಿಂದ ಗೊತ್ತು. ಮಳೆಗಾಲಕ್ಕೆ ಮೊದಲು ಮಾಡಿನ ಒಡೆದ ಹಂಚು ಬದಲಿಸುವಾಗ ಕೆಲವು ಹಳೆಯ ಹಂಚುಗಳ ಹಿಂಬದಿಯಲ್ಲಿ ಅದು ಒತ್ತಿದ್ದು ಕಾಣುತ್ತಿತ್ತು. 1865ರಲ್ಲಿ ಮಂಗಳೂರಿನಲ್ಲಿ ಶುರುವಾದ ಬಾಸೆಲ್ ಮಿಶನ್ ಕಾರ್ಖಾನೆಯ ಹಂಚು. ಆದರೆ ಸ್ವಿಟ್ಜರ್‌ಲ್ಯಾಂಡಿನ ಆ ಊರಿಗೆ ನಾನು ಹೋದದ್ದು ಹಂಚಿನ ಹಿಂದೆ ಬಿದ್ದಲ್ಲ, ಆನಂದರಾವ್ ಕೌಂಡಿನ್ಯರಿಗಾಗಿ.

ಹಸಿರು ಟ್ರ್ಯಾಮ್‌ಗಳು ಓಡಾಡುವ ಅಚ್ಚುಕಟ್ಟಾದ ಊರು ಅದು. ರೈನ್ ನದಿ ಇಲ್ಲಿ ಮೊಣಕಾಲು ಮಡಿಸಿದಂತೆ ತಿರುಗಿ ಉತ್ತರಕ್ಕೆ ಹೊರಡುತ್ತದೆ. ದಂಡೆಯ ಮೇಲೆ ಕೆಂಪು ಕಲ್ಲಿನ ದೊಡ್ಡ ಇಗರ್ಜಿ. ಎರಡು ದುಂಡು ಬುರುಜುಗಳ ನಡುವೆ ಬಣ್ಣದ ಹಂಚಿನ ಚೂಪು ಮಾಡು ಹೊತ್ತ ಸ್ಪಾಲೆನ್‌ಟೋರ್ ಎಂಬ ಕೋಟೆಬಾಗಿಲು ದಾಟಿದರೆ ಮಿಶನ್ ರಸ್ತೆ. ಮಿಶನರಿಗಳನ್ನು ತಯಾರು ಮಾಡುತ್ತಿದ್ದ ಉದ್ದನೆಯ ಮಿಶನ್ ಮನೆ ಅಲ್ಲಿದೆ, ಕಟ್ಟಿದ್ದು 1860ರಲ್ಲಿ. ಕೌಂಡಿನ್ಯರು ಓದಿದ್ದು ಅದಕ್ಕೂ ಮೊದಲಿನ ಮನೆಯಲ್ಲಿ.

ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ತರುಣ ಅವರು. ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗರ ಶಿಷ್ಯ. 1844ರ ಜನವರಿಯಲ್ಲಿ ಕ್ರೈಸ್ತರಾದಾಗ ಮಂಗಳೂರು ಪೇಟೆಯೇ ಕದಡಿಹೋಯಿತು. ಎರಡು ವರ್ಷದ ನಂತರ, 1846ರಲ್ಲಿ, ಮೋಗ್ಲಿಂಗರು ಊರಿಗೆ ಹೊರಟಾಗ ಶಿಷ್ಯನೂ ಹಡಗು ಹತ್ತಿದ. ಸೂಯೆಜ್ ಕಾಲುವೆ ತೆರೆಯಲು ಇನ್ನೂ ಇಪ್ಪತ್ತಮೂರು ವರ್ಷವಿತ್ತು. ಸಮುದ್ರ ದಾಟಿದವನಿಗೆ ಜಾತಿಯಲ್ಲಿ ಜಾಗವಿಲ್ಲದ ಕಾಲ; ಇವರಿಗೆ ಆ ಜಾಗ ಮೊದಲೇ ತಪ್ಪಿಹೋಗಿತ್ತು. ಬಾಸೆಲ್‌ಗೆ ಆಗಲೇ ಸ್ಟ್ರಾಸ್‌ಬರ್ಗ್‌ ಕಡೆಯಿಂದ ರೈಲು ಬರುತ್ತಿತ್ತು. ಭಾರತದ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರಲ್ಲಿ, ಮಂಗಳೂರಿಗೆ ಹಳಿ ಬಂದದ್ದು 1907ರಲ್ಲಿ. ನಮ್ಮ ಜಿಲ್ಲೆಯ ಒಬ್ಬ ಹುಡುಗ ಇದನ್ನೆಲ್ಲ ಅಷ್ಟು ಮೊದಲೇ ಕಣ್ಣಾರೆ ಕಂಡಿರಬೇಕು ಎಂದು ನೆನೆದಾಗ ನನಗೆ ಮೈ ಜುಮ್ಮೆಂದಿತು.

ಆಗಿನ ಮಿಶನ್ ಮನೆಯ ದಿನಚರಿ ಕಟ್ಟುನಿಟ್ಟು. ನಸುಕಿಗೇ ಏಳಬೇಕು, ಪ್ರಾರ್ಥನೆ, ಪಾಠ, ನಡುವೆ ತೋಟದ್ದೋ ಮರಗೆಲಸದ್ದೋ ಮೈಮುರಿಯುವ ದುಡಿಮೆ. ಜರ್ಮನ್ ಸಾಲದು, ಗ್ರೀಕ್, ಹೀಬ್ರೂ ಕಲಿಯಬೇಕು. ಜೊತೆಗಿದ್ದವರು ಹೆಚ್ಚಾಗಿ ಜರ್ಮನಿಯ ವ್ಯುರ್ಟೆಂಬರ್ಗ್‌ ಕಡೆಯ ಹಳ್ಳಿಯ ಹುಡುಗರು: ರೈತರ ಮಕ್ಕಳು, ಕಸುಬಿನವರ ಮಕ್ಕಳು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯ ನಾಲಿಗೆಗೆ ದಿನವೂ ರೊಟ್ಟಿ, ಆಲೂಗಡ್ಡೆ, ಸೂಪು. ಚಳಿಗಾಲ ನಾನೂ ಕಂಡೆ. ಮಧ್ಯಾಹ್ನ ನಾಲ್ಕೂವರೆಗೇ ಕತ್ತಲು ಕವಿದು, ಬೆರಳು ಮರಗಟ್ಟಿ ಪೆನ್ನು ಹಿಡಿಯಲಾಗಲಿಲ್ಲ. ಆ ಹುಡುಗ ಅಲ್ಲಿ ಐದು ವರ್ಷ ಕಳೆದ. 1851ರಲ್ಲಿ ದೀಕ್ಷೆ ಪಡೆದು ಬಾಸೆಲ್‌ನ ಮಿಶನರಿಯಾಗಿಯೇ ಮಂಗಳೂರಿಗೆ ಮರಳಿದ.

ಮಿಶನರಿಯಾದವನ ಬದುಕಿನ ದಾರ ಬಾಸೆಲ್‌ನ ಕಮಿಟಿಯ ಕೈಯಲ್ಲಿತ್ತು. ಯಾವ ಊರು, ಯಾವ ಕೆಲಸ, ಎಷ್ಟು ಕಾಲ, ಎಲ್ಲಕ್ಕೂ ಅಲ್ಲಿಂದಲೇ ಅಪ್ಪಣೆ. ಮದುವೆಗೂ ಅನುಮತಿ ಬೇಕು. ಎಷ್ಟೋ ಹೆಣ್ಣುಮಕ್ಕಳು ಹುಡುಗನ ಮುಖವನ್ನೇ ನೋಡದೆ ಹಡಗು ಹತ್ತಿದ್ದುಂಟು. ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಅವರನ್ನು ಬಾಸೆಲ್‌ಗೆ ಕಳಿಸಿಬಿಡುತ್ತಿದ್ದರು. ನನಗೆ ಇದಕ್ಕಿಂತ ಕಠಿಣವಾದದ್ದು ಬೇರೆ ಕಾಣಲಿಲ್ಲ.

ಮಿಶನ್ ಮನೆಯ ದಫ್ತರದಲ್ಲಿ ಈ ಮಿಶನರಿಗಳ ವರದಿಗಳು ಪೆಟ್ಟಿಗೆಗಟ್ಟಲೆ ಇವೆ. ಹಳೆಯ ಜರ್ಮನ್ ಕೈಬರಹ, ಇಂದಿನ ಎಷ್ಟೋ ಜರ್ಮನರಿಗೂ ಓದಲು ಬಾರದು. ಕಾಗದ ಉಳಿಸಲೆಂದು ಅಂಚಿನವರೆಗೂ ತುಂಬಿಸಿದ ಸಾಲುಗಳು, ತೆಳುವಾದ ಹಾಳೆಯ ಈ ಬದಿಗೆ ಆ ಬದಿಯ ಶಾಯಿ ಹಾಯ್ದ ಗುರುತು. ಕಮಿಟಿಯ ಅಪ್ಪಣೆ ಬದಲಾದಂತೆ ಮಿಶನರಿಗಳ ಊರು ಬದಲಾಗುತ್ತಿತ್ತು. ಮೋಗ್ಲಿಂಗರು 1836ರಲ್ಲಿ ಮಂಗಳೂರಿಗೆ ಬಂದರು, ಘಟ್ಟ ಹತ್ತಿ ಹುಬ್ಬಳ್ಳಿ ಕಡೆ ಹೋದರು, ಮತ್ತೆ ಮಂಗಳೂರು, ಆಮೇಲೆ ಕೊಡಗು, 1860ರಲ್ಲಿ ಜರ್ಮನಿ. ಕಿಟ್ಟೆಲ್ 1853ರಲ್ಲಿ ಬಂದು ಧಾರವಾಡ, ಮಂಗಳೂರು, ಮಡಿಕೇರಿ ಸುತ್ತಿದರು. ಕಿಟ್ಟೆಲ್ಲರ ನಿಘಂಟಿನಲ್ಲಿ ಕರಾವಳಿಯ ಮಾತೂ ಬಯಲುಸೀಮೆಯ ಮಾತೂ ಒಟ್ಟಿಗೆ ಸಿಗುವುದಕ್ಕೆ ಈ ಓಡಾಟವೂ ಕಾರಣವೆಂದು ನನಗೆ ತೋರುತ್ತದೆ. ಎಲ್ಲರ ಮೈಗೂ ನಮ್ಮ ನಾಡಿನ ಹವೆ ಒಗ್ಗಲಿಲ್ಲ. ಸಾಹಿತಿ ಹರ್ಮನ್ ಹೆಸ್ಸೆಯ ತಂದೆ ಯೊಹಾನೆಸ್ ಮಂಗಳೂರಿನಲ್ಲಿ ಕೆಲವೇ ವರ್ಷ ಕೆಲಸ ಮಾಡಿ, ಆರೋಗ್ಯ ಕೆಟ್ಟು ಹಿಂತಿರುಗಿದರು.

ಕೌಂಡಿನ್ಯರಿಗೆ ಹಿಂತಿರುಗುವ ಊರು ಬೇರೆ ಇರಲಿಲ್ಲ. ಮಂಗಳೂರಿನ ಬಲ್ಮಠದ ಸೆಮಿನರಿಯಲ್ಲಿ ಪಾಠ ಹೇಳಿದರು. ಜಾತಿ ಬಿಟ್ಟಾಗ ಹೆಂಡತಿ ಜೊತೆಗೆ ಬಂದಿರಲಿಲ್ಲ. ಮುಂದೆ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣು ಅವರನ್ನು ಮದುವೆಯಾಗಲು ಸಮುದ್ರ ದಾಟಿ ಬಂದಳು. ಕೊನೆಯ ವರ್ಷಗಳು ಕೊಡಗಿನಲ್ಲಿ ಕಳೆದವು, 1893ರಲ್ಲಿ ತೀರಿಕೊಂಡರು. ಮತಾಂತರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಜರ್ಮನರ ನಡುವೆ ಕನ್ನಡಿಗನಾಗಿ, ಕನ್ನಡಿಗರ ನಡುವೆ ಹೊರಗಿನವನಾಗಿ ನಾಲ್ಕು ದಶಕ ದುಡಿಯುವುದು ಸಣ್ಣ ಮಾತಲ್ಲ. ಕಿಟ್ಟೆಲ್‌ಗೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಿದೆ, ಅದು ಸಲ್ಲಬೇಕಾದದ್ದೇ. ಕೌಂಡಿನ್ಯರ ಹೆಸರು ಹೇಳಿದರೆ ಮಂಗಳೂರಿನಲ್ಲೇ ಎಷ್ಟೋ ಜನ ಯಾರು ಎಂದು ಕೇಳುತ್ತಾರೆ. ಬಾಸೆಲ್‌ನ ಆ ಪೆಟ್ಟಿಗೆಗಳಲ್ಲಿರುವುದು ನಮ್ಮ ಜಿಲ್ಲೆಯ ಚರಿತ್ರೆ. ಹಳೆಯ ಜರ್ಮನ್ ಬರಹ ಕಲಿತ ಕನ್ನಡದ ಹುಡುಗರು, ಹುಡುಗಿಯರು ಅಲ್ಲಿಗೆ ಹೋಗಿ ಕೂತು, ಅವನ್ನು ಒಂದೊಂದಾಗಿ ಕನ್ನಡಕ್ಕೆ ತರಬೇಕು.