ಇಪ್ಪತ್ತು ಗುಂಟೆ

ದೇವರನ್ನು ನಂಬದವನು ನೀತಿವಂತನಾಗಿ ಬಾಳಬಲ್ಲನೇ? ಬಾಳಬಲ್ಲ ಎಂದು ಕಾಲೇಜಿನ ಕೋಣೆಯಲ್ಲೂ ವೇದಿಕೆಯ ಮೇಲೂ ವರ್ಷಗಟ್ಟಲೆ ವಾದಿಸಿದವನು ನಾನು. ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದಾಗ ಎಚ್. ನರಸಿಂಹಯ್ಯನವರ ಮಾತುಗಳು ನನ್ನನ್ನು ಹಿಡಿದಿದ್ದವು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು ಅವರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬಾರದೆಂಬ ಅವರ ಹಟವನ್ನು ತುಮಕೂರಿಗೆ ತಂದುಕೊಂಡು, ಮೇಷ್ಟ್ರಾಗಿ ಅದರಲ್ಲೇ ಹೆಸರು ಮಾಡಿದೆ.

ನನ್ನ ತಮ್ಮನ ದಾರಿಯೇ ಬೇರೆ. ಗುಬ್ಬಿ ಹತ್ತಿರದ ನಮ್ಮ ಊರಲ್ಲೇ ಉಳಿದು ತೋಟ ನೋಡಿಕೊಂಡವನು. ಲಿಂಗಪೂಜೆ ಆಗದೆ ಕಾಫಿ ಮುಟ್ಟುವುದಿಲ್ಲ, ಎಡೆಯೂರು ಸಿದ್ಧಲಿಂಗೇಶ್ವರನ ತೇರು ತಪ್ಪಿಸುವುದಿಲ್ಲ. “ದೇವ್ರ ಭಯ ಇಲ್ದೋರಿಗೆ ಇನ್ಯಾವ ಭಯ ಇದ್ದೀತು ಕಣಣ್ಣ” ಅನ್ನುತ್ತಿದ್ದ. ಅಪ್ಪ ಹಾಸಿಗೆ ಹಿಡಿದಾಗ ಮೈ ಒರೆಸಿ, ಬಟ್ಟೆ ಬದಲಿಸಿದವನು ಅವನೇ. ನಾನು ಭಾನುವಾರ ಹಣ್ಣು ಹಿಡಿದು ಹೋಗುತ್ತಿದ್ದೆ. ಮುಂದೆ ಹೇಳುವುದನ್ನು ಓದುವಾಗ ಇದನ್ನು ಮರೆಯಬಾರದು, ಅದಕ್ಕೇ ಮೊದಲೇ ಹೇಳಿದೆ.

ಅಪ್ಪ ಹೋದದ್ದು 2009ರಲ್ಲಿ. ತಾತನ ಕಾಲದಿಂದ ಬಂದ ಮೂರೆಕರೆ ತೆಂಗು, ಅಡಿಕೆ ತೋಟಕ್ಕೆ ಉಳಿದವರು ನಾವಿಬ್ಬರು ಮತ್ತು ಕುಣಿಗಲ್ ಕಡೆಗೆ ಕೊಟ್ಟಿದ್ದ ತಂಗಿ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ತಂಗಿಯ ಮದುವೆ ಅದರ ಹಿಂದಿನ ವರ್ಷವೇ ಆಗಿತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಅಡ್ಡಿ ಇರಲಿಲ್ಲ. ತಮ್ಮನಿಗೆ ಇದೆಲ್ಲ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮಹಿಳಾ ದಿನಾಚರಣೆಯಲ್ಲಿ ಅದರ ಮೇಲೆ ಭಾಷಣವನ್ನೇ ಮಾಡಿದ್ದೆ.

ಖಾತೆ ಬದಲಾಗಬೇಕಾದರೆ ತಂಗಿಯ ರುಜು ಬೇಕು ಎಂದು ಪತ್ರ ಬರೆಯುವವರು ಹೇಳಿದರು. ಹಕ್ಕು ಬಿಡುಗಡೆ ಪತ್ರ ಸಿದ್ಧವಾಯಿತು. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು, ಒಂದು ರೇಷ್ಮೆ ಸೀರೆ. ಅವಳು ಬಂದಳು, ಪತ್ರ ಓದಲಿಲ್ಲ. “ಎಲ್ಲಿ ಹಾಕ್ಲಿ ಅಣ್ಣಯ್ಯ?” ಅಂದಳು. ಬೆರಳಿಟ್ಟು ತೋರಿಸಿದವನು ನಾನು. ಅವಳ ಒಂದೆಕರೆ ನಮ್ಮಿಬ್ಬರಿಗೆ ಇಪ್ಪತ್ತಿಪ್ಪತ್ತು ಗುಂಟೆಯಾಗಿ ಹರಿದುಹೋಯಿತು.

ಆ ಹೊತ್ತಿನಲ್ಲಿ ನಮ್ಮೊಳಗೆ ಏನು ನಡೆಯಿತೆಂದು ಎಷ್ಟೋ ಸಲ ಯೋಚಿಸಿದ್ದೇನೆ. ತಮ್ಮ ತನ್ನ ದೇವರ ಕಡೆಯಿಂದ ಸಮಾಧಾನ ತಂದುಕೊಂಡ: ಶಿವ ಅವಳನ್ನು ಒಳ್ಳೆಯ ಮನೆಗೆ ಸೇರಿಸಿದ್ದಾನೆ, ತವರಿನ ಋಣ ಅಷ್ಟೇ. ನಾನು ನನ್ನ ವಿಚಾರದ ಕಡೆಯಿಂದ ತಂದುಕೊಂಡೆ: ತುಂಡು ಜಮೀನು ಯಾರಿಗೂ ಲಾಭವಿಲ್ಲ, ದುಡಿಯುವವನ ಕೈಯಲ್ಲಿ ಇದ್ದರೆ ಒಳ್ಳೆಯದು. ಇಬ್ಬರಿಗೂ ಬೇಕಾದ ಕಾರಣ ಬೇಕಾದಾಗ ಸಿಕ್ಕಿತು. ದೇವರಿಗೆ ಹೆದರುವವನನ್ನು ಆ ಹೆದರಿಕೆ ತಡೆಯಲಿಲ್ಲ, ಪ್ರಶ್ನೆ ಕೇಳುವುದನ್ನು ಕಲಿಸುವವನಿಗೆ ಒಂದು ಪ್ರಶ್ನೆಯೂ ಹುಟ್ಟಲಿಲ್ಲ.

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ದಾರಿಯಲ್ಲಿ ಒಬ್ಬ ಮನುಷ್ಯ ನರಳುತ್ತ ಬಿದ್ದಿದ್ದ. ವಿದ್ಯಾರ್ಥಿಗಳಲ್ಲಿ ಕೆಲವರು, ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಕಥೆಯ ಮೇಲೆಯೇ ಮಾತಾಡಲು ಹೊರಟಿದ್ದರು. ತುಂಬ ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ಸಹಾಯಕ್ಕೆ ನಿಂತವರು ಹತ್ತರಲ್ಲಿ ಒಬ್ಬರು ಮಾತ್ರ. ಇದನ್ನು ತರಗತಿಯಲ್ಲಿ ಧರ್ಮದ ವಿರುದ್ಧದ ಸಾಕ್ಷಿಯಾಗಿ ಬಳಸುತ್ತಿದ್ದೆ. ಭಾಷಣ ಮುಗಿಸಿ ಮನೆಗೆ ಬಂದು ತಂಗಿಯಿಂದ ರುಜು ಹಾಕಿಸಿದ ನನ್ನ ವಿರುದ್ಧವೂ ಅದು ಅಷ್ಟೇ ಗಟ್ಟಿಯಾದ ಸಾಕ್ಷಿ.

ಮುಂದೆ ಬರಗಾಲದ ವರ್ಷಗಳು ಬಂದವು. ಹೇಮಾವತಿ ನಾಲೆಯ ನೀರು ಗುಬ್ಬಿ, ತುಮಕೂರು ದಾಟಿ ಕುಣಿಗಲ್ ಕಡೆಗೆ ಹೋಗುವಷ್ಟರಲ್ಲಿ ಸೊರಗಿರುತ್ತದೆ, ಕಟ್ಟಕಡೆಯ ಊರುಗಳವರ ಜಗಳ ಇವತ್ತಿಗೂ ತೀರಿಲ್ಲ. ತಂಗಿಯ ಊರಲ್ಲಿ ಬೋರ್‌ವೆಲ್ ಬತ್ತಿ ತೆಂಗಿನ ಸುಳಿ ಒಣಗಿತು, ಸಾಲ ಬೆಳೆಯಿತು. ಅವಳು ನಮ್ಮನ್ನು ಏನೂ ಕೇಳಲಿಲ್ಲ. ಕಿರಿಯ ಮಗನನ್ನು ಸಿದ್ಧಗಂಗಾ ಮಠಕ್ಕೆ ಸೇರಿಸಿದಳು.

ಜಾತಿ ಕೇಳದೆ, ಹಣ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಡುವ ಮಠ ಅದು. ಮಠಗಳ ಬಗ್ಗೆ ನಾನು ಆಡಿದ ಕಟುಮಾತುಗಳಲ್ಲಿ ಕೆಲವನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ನನ್ನ ಮನೆಯಿಂದ ಐದಾರು ಕಿಲೋಮೀಟರ್ ದೂರದಲ್ಲಿ ನನ್ನ ಸೋದರಳಿಯ ಆ ಮಠದ ಅನ್ನ ಉಣ್ಣುತ್ತಿದ್ದ, ಅವನ ತಾಯಿಯ ತೋಟದ ಅಡಿಕೆ ದುಡ್ಡು ನನ್ನ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಹಬ್ಬಕ್ಕೆ ಅವನನ್ನು ಮನೆಗೆ ಕರೆದು ಹೋಳಿಗೆ ಬಡಿಸಿ, ಒಳ್ಳೆಯ ಸೋದರಮಾವ ಎಂದುಕೊಂಡೆ.

2019ರ ಜನವರಿ 21ರಂದು ಆ ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಹುಡುಗ ಆಗ ಹತ್ತನೇ ತರಗತಿ. ಸುದ್ದಿಯನ್ನು ಹೊರಗೆ ಹೇಳಿದ್ದು ಮಕ್ಕಳ ಮಧ್ಯಾಹ್ನದ ಪ್ರಸಾದ ಆದಮೇಲೆ. ಸ್ವಾಮೀಜಿಯ ಇಚ್ಛೆಯೇ ಹಾಗಿತ್ತೆಂದು ಊರೆಲ್ಲ ಮಾತಾಡಿತು. ತನ್ನ ಸಾವಿನ ದಿನವೂ ಯಾವ ಮಗುವೂ ತಟ್ಟೆ ಬಿಟ್ಟು ಏಳಬಾರದು ಎಂಬ ಆ ಯೋಚನೆ ನನ್ನ ನಿದ್ದೆ ಕೆಡಿಸಿತು. ಅದು ಭಕ್ತಿಯಿಂದ ಬಂತೋ, ದಶಕಗಳ ಕಾಲ ಹಸಿದ ಮಕ್ಕಳ ಮುಖ ನೋಡಿದ್ದರಿಂದ ಬಂತೋ, ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ಹಾಗೆ ನೋಡಿದರೆ ನರಸಿಂಹಯ್ಯನವರೂ ಖಾದಿ ಉಟ್ಟು, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬಾಳು ಕಳೆದವರು. ಒಬ್ಬರು ದೇವರನ್ನು ನಂಬಿದವರು, ಇನ್ನೊಬ್ಬರು ಪ್ರಶ್ನಿಸಿದವರು, ಇಬ್ಬರೂ ತಮಗೆಂದು ಕೂಡಿಟ್ಟುಕೊಳ್ಳದೆ ದಿನದಿನವೂ ಬದುಕಿದವರು. ಆ ಕೋಣೆಯ ಮಾತುಗಳನ್ನು ನಾನು ಕಲಿತೆ, ಆ ಕೋಣೆಯ ಬದುಕನ್ನು ಬಿಟ್ಟುಬಿಟ್ಟೆ.

ನನ್ನ ಪಾಲಿಗೆ ಸೇರಿದ್ದ ಇಪ್ಪತ್ತು ಗುಂಟೆಯನ್ನು ಅಳತೆಯ 11ಇ ನಕ್ಷೆ ಮಾಡಿಸಿ 2021ರಲ್ಲಿ ತಂಗಿಯ ಹೆಸರಿಗೆ ದಾನಪತ್ರ ಮಾಡಿಕೊಟ್ಟೆ. ಅವಳದನ್ನೇ ಅವಳಿಗೆ ಕೊಡುವ ಕಾಗದಕ್ಕೆ ದಾನವೆಂಬ ಹೆಸರು. ಈ ಸಲ ಒಂದೊಂದು ಸಾಲನ್ನೂ ಅವಳಿಗೆ ಓದಿ ಹೇಳಿದೆ. ಕೇಳಿ ಮುಗಿಸಿ ಅವಳು ಅಂದದ್ದು ಇಷ್ಟು: “ಅವತ್ತು ಕೇಳಿದ್ದಿದ್ರೆ ನಾನೇ ಬಿಟ್ಕೊಡ್ತಿದ್ನೇನೋ ಅಣ್ಣಯ್ಯ. ನೀವಿಬ್ರೂ ಕೇಳ್ಲೇ ಇಲ್ಲ.”

ತಮ್ಮನ ಇಪ್ಪತ್ತು ಗುಂಟೆ ಇನ್ನೂ ಅವನ ಹೆಸರಲ್ಲೇ ಇದೆ. ಕಾನೂನು ನಿನಗೆ ಗೊತ್ತಿತ್ತು, ನೀನೇ ಸುಮ್ಮನಿದ್ದೆ ಎನ್ನುತ್ತಾನೆ. ಅದು ನಿಜ. ತಂಗಿ ಕೋರ್ಟಿಗೆ ಹೋಗಲೊಲ್ಲಳು. ಹೋದರೆ ಅವಳ ಕಡೆಯ ಸಾಕ್ಷಿ ನಾನೇ ಎಂದು ಅವನ ಎದುರೇ ಹೇಳಿದ್ದೇನೆ.